ಚರಗದ ಹೊಲ ಮತ್ತು ನಮ್ಮ ಪ್ರಾರ್ಥನೆ

ನನ್ನ ಊರು ಮೋರಟಗಿ. ಸಿಂದಗಿಯಿಂದ ಜೇವರ್ಗಿಯ ಕಡೆಗೆ ಹೋಗುವವರು ಬಸ್ಸಿನ ಕಿಟಕಿಯಿಂದ ಅದನ್ನು ಕಂಡಿರಬಹುದು. ಇಳಿದು ನೋಡಿದವರು ಕಡಿಮೆ. ಎರೆಭೂಮಿ, ಬಿಳಿಜೋಳ, ತೊಗರಿ, ಬೇಸಗೆಯ ಬಿಸಿಲು, ನೀರಿಗಾಗಿ ಸಾಲುಗಟ್ಟಿದ ಕೊಡಗಳು. ವಿಜಯಪುರ ಜಿಲ್ಲೆಯ ಬೇರೆ ಊರುಗಳಲ್ಲಿ ಇರುವುದೆಲ್ಲ ಅಲ್ಲಿಯೂ ಇದೆ. ಅಲ್ಲಿರುವ ಬೆರಳೆಣಿಕೆಯ ಕ್ರೈಸ್ತ ಮನೆಗಳಲ್ಲಿ ನಮ್ಮದೂ ಒಂದು. ಭಾನುವಾರ ನಮ್ಮ ಪಡಸಾಲೆಯೇ ದೇವಾಲಯ. ಜೋಳದ ಚೀಲಗಳನ್ನು ಒಂದು ಕಡೆಗೆ ಸರಿಸಿ, ಜಮಖಾನೆ ಹಾಸಿ, ಹತ್ತು ಹನ್ನೆರಡು ಮಂದಿ ಕುಳಿತು ಪ್ರಾರ್ಥನೆ ಮಾಡುತ್ತೇವೆ. ದೊಡ್ಡ ಹಬ್ಬಗಳಿಗೆ ವಿಜಯಪುರಕ್ಕೆ ಹೋಗುತ್ತೇವೆ.

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ನಮ್ಮ ಕನ್ನಡದ ಗುರುಗಳು ಹೇಳಿದಾಗ ನಾನು ಬೇರೆ ವಿಷಯವನ್ನು ಹುಡುಕುತ್ತಿದ್ದೆ. ಆದರೆ ಒಂದು ರಾತ್ರಿ ವಸತಿಗೃಹದಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಗೆಳೆಯ ಕೇಳಿದ: "ಲೇ, ನೀ ಕ್ರಿಶ್ಚಿಯನ್ ಅದೀ ಅಂತಿ, ಮತ್ತ ಎಳ್ಳಮಾಸಿ ಚರಗದ ಹೋಳಿಗಿ ಹೆಂಗ ಉಣ್ತೀಯೋ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಮಾತ್ರ ನನ್ನಲ್ಲಿರಲಿಲ್ಲ. ಅವನ ಪ್ರಶ್ನೆ ಎರಡು ಸಾವಿರ ವರುಷ ಹಳೆಯದು ಎಂಬುದು ಆಮೇಲೆ ಓದಿದಾಗ ತಿಳಿಯಿತು. ಓದಿದ್ದನ್ನೂ ನನ್ನ ಮನೆಯಲ್ಲಿ ಕಂಡದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಎಳ್ಳಮಾವಾಸ್ಯೆ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ; ದಕ್ಷಿಣದ ಜಿಲ್ಲೆಗಳ ವಾಚಕರಿಗಾಗಿ ಎರಡು ಮಾತು. ಹಿಂಗಾರಿಯ ಜೋಳ ಎದೆಯುದ್ದ ಬೆಳೆದು ನಿಂತಿರುವ ಹೊತ್ತಿಗೆ, ಡಿಸೆಂಬರದಲ್ಲಿ, ಇಲ್ಲವೆ ಜನವರಿಯ ಮೊದಲಲ್ಲಿ ಈ ಹಬ್ಬ ಬರುತ್ತದೆ. ಹೆಂಗಸರು ನಸುಕಿನಲ್ಲೇ ಎದ್ದು ಸಜ್ಜೆಯ ರೊಟ್ಟಿ, ಜೋಳದ ಕಡುಬು, ಶೇಂಗಾದ ಹೋಳಿಗೆ, ಎಳ್ಳಿನ ಹೋಳಿಗೆ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಮೊಸರನ್ನ ಮಾಡುತ್ತಾರೆ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿಯ ಗಿಡವೋ ಬೇವಿನ ಗಿಡವೋ ಇದ್ದಲ್ಲಿ ಐದು ಕಲ್ಲುಗಳನ್ನಿಟ್ಟು, ಅವೇ ಪಾಂಡವರೆಂದು ಪೂಜಿಸಿ, ಎಡೆ ತೋರಿಸಿ, ಆಮೇಲೆ ಅನ್ನವನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಭೂಮಿತಾಯಿ ಬಸುರಿಯಾಗಿದ್ದಾಳೆ, ಅವಳ ಬಯಕೆ ತೀರಿಸಬೇಕು ಎಂಬುದು ಅದರ ಭಾವನೆ. ಉಳಿದುದನ್ನು ಎಲ್ಲರೂ ಹೊಲದಲ್ಲೇ ಕುಳಿತು ಉಣ್ಣುತ್ತಾರೆ. ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ಆ ದಿನ ಯಾರೂ ಹಸಿದು ಹೋಗಕೂಡದು.

ನಮಗೆ ಸ್ವಂತ ಹೊಲವಿಲ್ಲ. ನಮ್ಮಪ್ಪ ಊರ ಸಾವುಕಾರರೊಬ್ಬರ ನಾಲ್ಕೆಕರೆಯನ್ನು ಪಾಲಿಗೆ ಮಾಡುತ್ತಾನೆ. ಆದ್ದರಿಂದ ನಮ್ಮ ಎಳ್ಳಮಾವಾಸ್ಯೆ ಅವರ ಹೊಲದಲ್ಲಿ, ಅವರ ಬುತ್ತಿಯೊಂದಿಗೆ. ಪೂಜೆಯ ಹೊತ್ತಿಗೆ ಅಪ್ಪ ಎತ್ತುಗಳಿಗೆ ಮೇವು ಹಾಕುವ ನೆವದಿಂದ ಬದುವಿನ ಆಚೆಗೆ ಹೋಗಿ ನಿಲ್ಲುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಪೂಜೆ ಮುಗಿದ ಮೇಲೆ ಬಂದು ಉಣ್ಣಲು ಕೂಡುತ್ತಿದ್ದ. ಯಾರೂ ಅವನನ್ನು ಏನೂ ಕೇಳಿದವರಲ್ಲ, ಅವನು ಹೇಳಿದವನೂ ಅಲ್ಲ.

ನಾನು ಪಿ.ಯು.ಸಿ. ಮೊದಲ ವರುಷದಲ್ಲಿದ್ದಾಗ ಯುವಕರ ಒಂದು ಪ್ರಾರ್ಥನಾ ಶಿಬಿರಕ್ಕೆ ಹೋಗಿ ಬಂದೆ. ಮೂರು ದಿನ ಉಪದೇಶ ಕೇಳಿ ಮೈಯಲ್ಲಿ ಹೊಸ ಬೆಂಕಿ ಹೊತ್ತಿತ್ತು. ವಿಗ್ರಹಕ್ಕೆ ತೋರಿಸಿದ ಅನ್ನವನ್ನು ಮುಟ್ಟಬಾರದೆಂದು ಅಲ್ಲಿ ಹೇಳಿದ್ದರು. ಆ ವರುಷದ ಎಳ್ಳಮಾವಾಸ್ಯೆಗೆ ಹೊಲಕ್ಕೇನೋ ಹೋದೆ. ಆದರೆ ಸಾವುಕಾರರ ಮನೆಯ ಹಿರಿಯ ತಾಯಿ ಕೈಯಲ್ಲಿ ರೊಟ್ಟಿ ಹಿಡಿದು ಕರೆದಾಗ, "ಬ್ಯಾಡ್ರಿ ಅವ್ವಾರ, ನಮ್ಮದರಾಗ ಇದನ್ನ ಉಣ್ಣಂಗಿಲ್ಲ" ಎಂದುಬಿಟ್ಟೆ. ಆಕೆ ರೊಟ್ಟಿ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ನನ್ನನ್ನೇ ನೋಡಿದಳು. "ಯಾಕೋ ತಮ್ಮಾ, ನಮ್ಮ ಮನಿ ಅನ್ನ ನಿನಗ ಮೈಲಿಗಿ ಆತೇನು?" ಎಂದಳು. ಸಿಟ್ಟಿನಿಂದಲ್ಲ; ಸಿಟ್ಟಿನಿಂದ ಕೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಆ ರಾತ್ರಿ ಅಪ್ಪ ನನ್ನ ಸಂಗಡ ಮಾತಾಡಲಿಲ್ಲ. ನಮ್ಮ ಆಯಿ ಮಾತ್ರ ಒಲೆಯ ಮುಂದೆ ಕುಳಿತು ಹೇಳಿದಳು: "ನಿಮ್ಮ ಮುತ್ಯಾಗ ಆ ಮನ್ಯಾಗ ಮ್ಯಾಲಿಂದ ನೀರ ಹಾಕತಿದ್ರು, ಬೊಗಸ್ಯಾಗ ಹಿಡದು ಕುಡೀತಿದ್ದ. ಈಗ ಅದ ಮನಿ ಮುದುಕಿ ನಿನ್ನ ಬಾಜೂಕ ಕುಂತು ರೊಟ್ಟಿ ಕೊಡ್ತಾಳ. ನೀ ಒಲ್ಲೆ ಅಂದಿ. ಶ್ಯಾಣ್ಯಾ ಆಗಿ ನೋಡು."

ಶಿಬಿರದಲ್ಲಿ ನನಗೆ ಯಾರೂ ಹೇಳಿಕೊಡದ ಮಾತು ಅದು. ನಾನು ವಿಗ್ರಹವನ್ನು ಬಿಟ್ಟೆನೆಂದು ತಿಳಿದಿದ್ದೆ; ಆಕೆ ಕಂಡದ್ದು ಮಡಿಮೈಲಿಗೆಯನ್ನು. ನಮ್ಮ ನಾಡಿನಲ್ಲಿ ಅನ್ನವನ್ನು ಒಲ್ಲೆನೆನ್ನುವುದಕ್ಕೆ ಇರುವ ಹಳೆಯ ಅರ್ಥ ಅದೊಂದೇ.

ಈ ತೊಡಕು ಮೊದಲು ಬಂದದ್ದು ನಮಗಲ್ಲ. ಗ್ರೀಕರ ಕೊರಿಂಥ ಪಟ್ಟಣದ ಕ್ರೈಸ್ತರು ಕ್ರಿ.ಶ. ಒಂದನೆಯ ಶತಮಾನದ ನಡುವಿನಲ್ಲಿ ಪೌಲನಿಗೆ ಇದನ್ನೇ ಕೇಳಿದ್ದರು. ಅಲ್ಲಿಯ ಗುಡಿಗಳಲ್ಲಿ ಬಲಿಕೊಟ್ಟ ಮಾಂಸ ಸಂತೆಗೂ ಬರುತ್ತಿತ್ತು, ನೆಂಟರ ಮನೆಯ ಊಟಕ್ಕೂ ಬರುತ್ತಿತ್ತು. ಪೌಲನು ಅವರಿಗೆ ಬರೆದ ಮೊದಲನೆಯ ಪತ್ರದ 8 ಮತ್ತು 10ನೆಯ ಅಧ್ಯಾಯಗಳು ಈ ವಿಷಯವಾಗಿಯೇ ಇವೆ. ಅವನ ಉತ್ತರ ಒಂದೇ ಗೆರೆಯದಲ್ಲ. ವಿಗ್ರಹವೆಂಬುದು ಏನೂ ಅಲ್ಲವಾದ್ದರಿಂದ ಅನ್ನ ಅನ್ನವೇ ಎಂದು ಮೊದಲು ಒಪ್ಪುತ್ತಾನೆ. ಆದರೆ ಗುಡಿಯ ಪಂಕ್ತಿಯಲ್ಲಿ ಕೂಡುವುದು ಬೇರೆ, ಅಲ್ಲಿ ಪಾಲುಗೊಂಡರೆ ಆರಾಧನೆಯಲ್ಲಿಯೇ ಪಾಲುಗೊಂಡಂತೆ ಎನ್ನುತ್ತಾನೆ. ಅನ್ಯರು ಮನೆಗೆ ಕರೆದರೆ ಏನನ್ನೂ ವಿಚಾರಿಸದೆ ಬಡಿಸಿದ್ದನ್ನು ಉಣ್ಣಿರಿ, ಇದು ದೇವರಿಗೆ ಕೊಟ್ಟದ್ದೆಂದು ಯಾರಾದರೂ ಎತ್ತಿ ಹೇಳಿದರೆ ಆ ಹೇಳಿದವನ ಮನಸ್ಸಿಗೋಸ್ಕರ ಬಿಡಿರಿ ಎಂದೂ ಹೇಳುತ್ತಾನೆ. ನನ್ನ ಶಿಬಿರದವರು ಈ ಕೊನೆಯ ಮಾತನ್ನು ಹಿಡಿದಿದ್ದರು. ನಮ್ಮಪ್ಪ ಪತ್ರವನ್ನು ಓದದೆಯೇ ನಡುವಿನ ಮಾತನ್ನು ಹಿಡಿದಿದ್ದ. ಪೂಜೆಯ ಹೊತ್ತಿಗೆ ಬದುವಿನ ಆಚೆ, ಊಟದ ಹೊತ್ತಿಗೆ ಪಂಕ್ತಿಯಲ್ಲಿ!

ಆದರೆ ಪೌಲನ ಊರು ನಮ್ಮ ಊರಲ್ಲ. ಕೊರಿಂಥದಲ್ಲಿ ಯಾರ ಕೈಯ ಅನ್ನ ಯಾರು ಉಣ್ಣಬೇಕೆಂಬ ಜಾತಿಯ ಕಟ್ಟಳೆ ನಮ್ಮಲ್ಲಿದ್ದಂತೆ ಇರಲಿಲ್ಲ. ಇಲ್ಲಿ ಕ್ರೈಸ್ತಧರ್ಮ ಬಂದಾಗ, ಸುತ್ತಲಿನ ಸಂಸ್ಕೃತಿಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂಬ ಪ್ರಶ್ನೆಯ ಜೊತೆಗೆ ಯಾರ ಸಂಸ್ಕೃತಿಯನ್ನು ಎಂಬ ಪ್ರಶ್ನೆಯೂ ಎದ್ದಿತು. ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟ್ ಡಿ ನೊಬಿಲಿ 1606ರಲ್ಲಿ ಮಧುರೆಗೆ ಬಂದು ಕಾವಿ ತೊಟ್ಟ, ಮಾಂಸ ಬಿಟ್ಟ, ಸಂಸ್ಕೃತ ಕಲಿತ. ಅವನ ಶಿಷ್ಯರು ಜನಿವಾರ, ಜುಟ್ಟು, ಗಂಧ ಇವನ್ನು ಇಟ್ಟುಕೊಳ್ಳಬಹುದೆಂದು 1623ರಲ್ಲಿ ರೋಮಿನಿಂದ ಒಪ್ಪಿಗೆಯೂ ದೊರೆಯಿತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಕನ್ನಡನಾಡಿನಲ್ಲಿ ಅದೇ ದಾರಿ ಹಿಡಿದ. ಕೇಳಲು ಇದು ಉದಾರವಾದ ಮಾತು. ಆದರೆ ಆ ಸಂನ್ಯಾಸಿ ತನ್ನ ಮಡಿಯನ್ನು ಕಾಯಲು ಕೆಳಜಾತಿಯ ಕ್ರೈಸ್ತರಿಂದ ದೂರವೇ ಉಳಿಯಬೇಕಾಯಿತು. ಅವರಿಗಾಗಿ ಬೇರೆ ಪಾದ್ರಿಗಳನ್ನು ನೇಮಿಸಬೇಕಾಯಿತು. ಹೊರಗಿನವನು ನಮ್ಮ ಸಂಸ್ಕೃತಿಯನ್ನು ಗೌರವಿಸಿದ ಎಂದು ಹೊಗಳುವವರು ನಮ್ಮ ಮುತ್ಯಾನನ್ನು ಅವನ ಮನೆಯ ಯಾವ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು ಎಂಬುದನ್ನೂ ಹೇಳಬೇಕು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಆ ಆಚಾರಗಳಲ್ಲಿ ಹಲವನ್ನು ನಿಷೇಧಿಸಿದರು. ಕಾವಿಯ ದಾರಿ ಅಲ್ಲಿಗೆ ನಿಲ್ಲಲಿಲ್ಲವೆನ್ನಿ. ಇಪ್ಪತ್ತನೆಯ ಶತಮಾನದಲ್ಲಿ ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಕಥೋಲಿಕ ಪಾದ್ರಿಗಳು ವಿರಕ್ತ ಮಠವೆಂಬ ಹೆಸರಿನಲ್ಲಿಯೇ ಮಠ ಕಟ್ಟಿ ಕಾವಿ ತೊಟ್ಟು ಬಾಳಿದರು.

ನಮ್ಮ ಕಡೆಗೆ ಬಂದವರು ಹೆಚ್ಚಾಗಿ ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಮುಂದೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೆ ಬಂದರು. ಅವರು ಜಾತಿಯನ್ನು ಸಭೆಯೊಳಗೆ ಬಿಡಲೊಲ್ಲೆವೆಂದು ಹಟ ಹಿಡಿದವರು; ಆ ಹಟದ ಉಪಕಾರ ನನ್ನಂಥವರ ಮೇಲೆ ಇದೆ. ಹಟದ ಜೊತೆಗೆ ಅವರ ಊರಿನ ರೂಢಿಗಳೂ ಬಂದವು. ಕ್ರಿಸ್ಮಸ್ ಗಿಡ ಜರ್ಮನಿಯವರ ಪದ್ಧತಿ. ಅದನ್ನು ನಮ್ಮ ದೇವಾಲಯಗಳಲ್ಲಿ ನಿಲ್ಲಿಸುವಾಗ ಇದು ವೇದದಲ್ಲಿದೆಯೇ ಎಂದು ಯಾರೂ ಕೇಳುವುದಿಲ್ಲ. ಬನ್ನಿಯ ಗಿಡದ ಹತ್ತಿರ ಹೋದರೆ ಮಾತ್ರ ಕೇಳುತ್ತಾರೆ! ಇದು ನನ್ನ ಒಂದು ಸಣ್ಣ ಜಗಳ, ಇರಲಿ.

ಭಾಷೆಯ ವಿಷಯದಲ್ಲಿ ಅವರು ಹಾಗಿರಲಿಲ್ಲ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಿಂದ ಕನ್ನಡದ ಛಂದಸ್ಸಿನಲ್ಲಿ ಬರೆದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಅಚ್ಚು ಹಾಕಿಸಿದರು. 1894ರಲ್ಲಿ ಅವರ ದೊಡ್ಡ ನಿಘಂಟು ಹೊರಬಂತು. ನಾವು ದಿನಾಲು ಪ್ರಾರ್ಥನೆಯಲ್ಲಿ ಆಡುವ ಮಾತುಗಳನ್ನಾದರೂ ನೋಡಿರಿ. ದೀಕ್ಷಾಸ್ನಾನ, ಕೃಪೆ, ಭಕ್ತಿ, ಸ್ತೋತ್ರ, ಸಭೆ. ಕಥೋಲಿಕರಲ್ಲಿಯಾದರೆ ಬಲಿಪೂಜೆ, ಪರಮಪ್ರಸಾದ. ದೀಕ್ಷೆ ಎಂಬ ಮಾತಿಗೆ ಮಠದ ವಾಸನೆ ಇದೆ, ಪ್ರಸಾದ ಎಂಬ ಮಾತಿಗೆ ಗುಡಿಯ ವಾಸನೆ ಇದೆ. ಆ ಮಾತುಗಳನ್ನು ಬಿಟ್ಟು ಪ್ರಾರ್ಥನೆ ಮಾಡುತ್ತೇನೆಂದರೆ ನಾನು ಮೂಕನಾಗಬೇಕಾದೀತು. ಸುತ್ತಲಿನ ಸಂಸ್ಕೃತಿ ನಮ್ಮನ್ನು ಹೊರಗಿನಿಂದ ಎಳೆಯುತ್ತದೆ ಎಂದು ಉಪದೇಶಿಗಳು ಹೇಳುವಾಗ ನನಗೆ ಇದು ನೆನಪಾಗುತ್ತದೆ. ಅದು ಹೊರಗೆಲ್ಲಿದೆ? ನಾಲಗೆಯ ಮೇಲೆಯೇ ಇದೆ.

ಈ ಮಾತಿಗೆ ನಮ್ಮ ನಾಡಿನಲ್ಲಿ ದೊಡ್ಡ ಸಾಕ್ಷಿ ಎಂದರೆ ಉತ್ತಂಗಿ ಚನ್ನಪ್ಪನವರು. ಅವರ ಹೆಸರನ್ನು ಪೂರ್ಣವಾಗಿ ಬರೆದರೆ ಚನ್ನಪ್ಪ ದಾನಿಯೇಲಪ್ಪ ಉತ್ತಂಗಿ. ಒಂದು ಮಾತು ಶರಣರ ನಾಡಿನದು, ಒಂದು ಬೈಬಲ್ಲಿನದು, ಒಂದು ಊರಿನದು. ಮೂರೂ ಜಗಳವಾಡದೆ ಒಂದೇ ಸಾಲಿನಲ್ಲಿ ನಿಂತಿವೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ದೈವಜ್ಞಾನ ಶಾಲೆಯಲ್ಲಿ ಕಲಿತು ಸಭಾಪಾಲಕರಾದರು. ಸಾಯುವವರೆಗೂ ಕ್ರೈಸ್ತರಾಗಿಯೇ ಉಳಿದರು. ಅಂಥವರು ಊರೂರು ತಿರುಗಿ, ಓಲೆಯ ಪ್ರತಿಗಳನ್ನು ಹುಡುಕಿ, ಜನರ ಬಾಯಿಂದ ಕೇಳಿ, ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು. 1924ರಲ್ಲಿ ಆ ಸಂಗ್ರಹ ಅಚ್ಚಾಯಿತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಸರ್ವಜ್ಞ ಇಷ್ಟು ಮಟ್ಟಿಗೆ ಬಂದಿದ್ದರೆ ಅದರ ಹಿಂದೆ ಒಬ್ಬ ಪಾದ್ರಿಯ ಸವೆದ ಚಪ್ಪಲಿಗಳಿವೆ. ಆಮೇಲೆ ಅವರು ಶರಣ ಸಾಹಿತ್ಯಕ್ಕೆ ಇಳಿದರು. ಬಸವಣ್ಣನ ಕಾಲದ ಅನುಭವ ಮಂಟಪ ನಿಜವಾಗಿ ಇತ್ತೇ ಎಂದು ವಿದ್ವಾಂಸರಲ್ಲಿ ಸಂದೇಹ ಎದ್ದಾಗ, ಇತ್ತೆಂದು ಆಧಾರ ಕೊಟ್ಟು 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥ ಬರೆದರು; ಅದು 1951ರ ಮಾತು. ಅದಕ್ಕೆ ಎರಡು ವರುಷ ಮೊದಲು, 1949ರಲ್ಲಿ, ನಮ್ಮೂರಿಗೆ ನೆರೆಯದಾದ ಕಲಬುರ್ಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. 1962ರಲ್ಲಿ ತೀರಿಕೊಂಡರು.

ಅವರದು ಎರಡು ದೋಣಿಗಳ ಮೇಲೆ ಕಾಲಿಟ್ಟ ಬಾಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಎರಡು ದೋಣಿಯವನು ಎರಡಕ್ಕೂ ಅರ್ಧ ಮನಸ್ಸು ಕೊಡುತ್ತಾನೆ. ಉತ್ತಂಗಿಯವರು ಕ್ರಿಸ್ತನನ್ನು ಮುಚ್ಚಿಟ್ಟುಕೊಂಡು ಸರ್ವಜ್ಞನ ಬಳಿಗೆ ಹೋಗಲಿಲ್ಲ. ಅವರು ಬರೆದ ಒಂದು ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಹೆಸರಿನಲ್ಲಿರುವ ಆ ವಿನಂತಿ ಎಂಬ ಮಾತನ್ನು ಗಮನಿಸಬೇಕು. ಅಪ್ಪಣೆ ಅಲ್ಲ, ಧಿಕ್ಕಾರವೂ ಅಲ್ಲ, ಕೈಮುಗಿದು ಮಾಡಿದ ವಿನಂತಿ. ಎದುರಿನವನು ಮಾತಿಗೆ ಯೋಗ್ಯನೆಂದು ತಿಳಿದವನೇ ವಿನಂತಿ ಮಾಡುತ್ತಾನೆ. ತನ್ನಲ್ಲಿ ಹೇಳಲು ಏನೋ ಇದೆಯೆಂದು ನಂಬಿದವನೂ ಹೌದು. ಪಿ.ಯು.ಸಿ.ಯ ಆ ದಿನ ನನ್ನಲ್ಲಿ ಎರಡನೆಯದು ಇತ್ತು, ಮೊದಲನೆಯದು ಇರಲಿಲ್ಲ.

ಇಷ್ಟು ಓದಿದ ಮೇಲೆ ನಾನು ಊರ ರೂಢಿಗಳಲ್ಲಿ ಚಂದವಿದ್ದುದನ್ನೆಲ್ಲ ನಮ್ಮ ಪಡಸಾಲೆಗೆ ತರಬೇಕೆಂದು ಹೊರಟೆ. ನಮ್ಮ ಮನೆಯ ಜಂತಿಗೆ ಒಂದು ಹಳೆಯ ಹಲಗಿ ತೂಗುಹಾಕಿದೆ. ಮುತ್ಯಾನದು. ಜಾತ್ರೆಗೆ, ಹೆಣ ಒಯ್ಯುವಾಗ, ಡಂಗುರ ಸಾರುವಾಗ ಅವನು ಅದನ್ನು ಬಾರಿಸುತ್ತಿದ್ದನಂತೆ. ಅವನ ಕೈಗೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತಂತೆ. ದೀಕ್ಷಾಸ್ನಾನವಾದ ದಿನ ತೂಗುಹಾಕಿದವನು ಮತ್ತೆ ಇಳಿಸಲಿಲ್ಲ. ಕ್ರಿಸ್ಮಸ್ ರಾತ್ರಿ ನನ್ನ ಕಾಕಾನ ಮಗ ಅದನ್ನು ಕಾಯಿಸಿ ಬಾರಿಸಲಿ, ಹಾಡಿಗೆ ನಮ್ಮ ನೆಲದ ತಾಳ ಬರಲಿ ಎಂದು ನಾನು ಹೇಳಿದೆ. ನಮ್ಮ ಸಭಾಪಾಲಕರು ಬೇಡವೆನ್ನಬಹುದೆಂದು ಹೆದರಿದ್ದೆ. ಅವರು ಸಂತೋಷದಿಂದ ಒಪ್ಪಿದರು. ಬೇಡವೆಂದವಳು ಆಯಿ.

"ಅದನ್ನ ಇಳಸಬ್ಯಾಡ" ಎಂದಳು. ಯಾಕೆ, ಅದರಲ್ಲಿ ದೇವರೇನು ಕುಳಿತಿದ್ದಾನೆಯೇ ಎಂದು ನಾನು ವಾದಿಸಿದೆ. "ದೇವ್ರಲ್ಲೋ ಮಗನ. ಹೊತ್ತಲ್ಲದ ಹೊತ್ತಿನ್ಯಾಗ ಬಂದು ಬಾಗಲಾ ಬಡೀತಿದ್ರು. ಜ್ವರಾ ಬಂದಿರಲಿ, ಮಳಿ ಬರಲಿ, ಏಳಬೇಕು, ಬಾರಿಸಬೇಕು. ಒಲ್ಲೆ ಅನ್ನಂಗಿದ್ದಿಲ್ಲ. ನಿಮ್ಮ ಮುತ್ಯಾ ಅದನ್ನ ಗೂಟಕ್ಕ ಹಾಕಿದ ದಿನ ಮೊದಲ ಸಲ ಮುಂಜಾನಿತನಾ ಮಲಗಿದ."

ನಾನು ಹಲಗಿಯಲ್ಲಿ ಕಂಡದ್ದು ಜಾನಪದ ಕಲೆ. ಆಕೆ ಕಂಡದ್ದು ಬಿಟ್ಟಿ. ನಮ್ಮ ಪಠ್ಯಗಳಲ್ಲಿ ಸಂಸ್ಕೃತಿ ಎಂದರೆ ಹಾಡು, ಕುಣಿತ, ಹಬ್ಬ, ಊಟ. ಅದರೊಳಗೆ ಯಾರು ಬಾರಿಸಬೇಕು, ಯಾರು ಕೂತು ಕೇಳಬೇಕೆಂಬುದೂ ಸೇರಿತ್ತು. ಕ್ರೈಸ್ತರಾದವರು ತಮ್ಮ ಸಂಸ್ಕೃತಿಯನ್ನು ಬಿಟ್ಟುಕೊಟ್ಟರೆಂದು ಸಭೆಗಳಲ್ಲಿ ಭಾಷಣ ಮಾಡುವವರು ಈ ಮುದುಕಿಯ ಮುಂದೆ ಒಂದು ಗಳಿಗೆ ಕೂಡಬೇಕು. ಆಕೆ ಬಿಟ್ಟದ್ದು ಏನನ್ನು ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಬಿಡದೆ ಇದ್ದುದೂ ಗೊತ್ತು. ಬೀಸುವಾಗ ಇಂದಿಗೂ ಹಳೆಯ ಧಾಟಿಯಲ್ಲಿಯೇ ಹಾಡುತ್ತಾಳೆ. ಯೇಸುವಿನ ಹೆಸರನ್ನು ತನಗೆ ತಿಳಿದಂತೆ ಅದರಲ್ಲಿ ಸೇರಿಸಿಕೊಂಡಿದ್ದಾಳೆ. ಅದನ್ನು ಆಕೆಗೆ ಯಾವ ಪಾದ್ರಿಯೂ ಕಲಿಸಲಿಲ್ಲ.

ಇನ್ನೊಂದು ಎಳೆತವಿದೆ. ಅದರ ಮಾತನ್ನು ನಮ್ಮ ಓಣಿಯಲ್ಲಿ ಮೆಲ್ಲನೆ ಆಡುತ್ತಾರೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯವರೆಂದು ಎಣಿಕೆಯಾಗುವುದಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರೊಳಗೆ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ನಮ್ಮ ರಾಜ್ಯದಲ್ಲಿ ಅಂಥವರನ್ನು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಇಟ್ಟಿದ್ದಾರೆ. ಊರಿನ ಕಣ್ಣಿಗೆ ನಾವು ಮೊದಲು ಯಾವ ಓಣಿಯವರೋ ಈಗಲೂ ಅದೇ ಓಣಿಯವರು. ಕಾಗದದಲ್ಲಿ ಮಾತ್ರ ಬೇರೆ. ಆದ್ದರಿಂದ ಕೆಲವರು ಕಚೇರಿಯಲ್ಲಿ ಒಂದು ಧರ್ಮ ಬರೆಸುತ್ತಾರೆ, ಪಡಸಾಲೆಯಲ್ಲಿ ಇನ್ನೊಂದು ಪ್ರಾರ್ಥನೆ ಮಾಡುತ್ತಾರೆ. ನಾನು ಅವರನ್ನು ಕಪಟಿಗಳೆಂದು ಕರೆಯಲಾರೆ. ಮಕ್ಕಳ ಓದಿನ ಮುಂದೆ ಯಾವ ತಂದೆ ಗಟ್ಟಿಯಾಗಿ ನಿಂತಾನು? ನಮ್ಮಪ್ಪ ನನ್ನ ಅರ್ಜಿಯ ಕಲಮಿನಲ್ಲಿ ಕ್ರೈಸ್ತನೆಂದೇ ಬರೆಸಿದ. ಅದರಿಂದ ಹೆಚ್ಚಾದ ಖರ್ಚಿಗೆ ಎರಡು ಬೇಸಗೆ ಅವನು ಊರು ಬಿಟ್ಟು ಕಬ್ಬು ಕಡಿಯುವ ಗ್ಯಾಂಗಿನ ಸಂಗಡ ಹೋಗಿ ಬಂದ. ಎಳ್ಳಮಾವಾಸ್ಯೆಯ ರೊಟ್ಟಿಯನ್ನು ಎಂದೂ ಒಲ್ಲೆನೆನ್ನದವನು ಆ ಒಂದು ಕಲಮಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಶ್ರದ್ಧೆ ಎಲ್ಲಿ ಗಟ್ಟಿಯಾಗಿರಬೇಕು, ಎಲ್ಲಿ ಮೆತ್ತಗಾಗಬಹುದು ಎಂಬುದನ್ನು ನಾನು ಶಿಬಿರದಲ್ಲಿ ಕಲಿತದ್ದಕ್ಕಿಂತ ಅವನನ್ನು ನೋಡಿ ಕಲಿತದ್ದೇ ಹೆಚ್ಚು.

2024ರ ಎಳ್ಳಮಾವಾಸ್ಯೆ ಡಿಸೆಂಬರ್ 30ರಂದು ಬಂತು, ಕ್ರಿಸ್ಮಸ್ಸಿನ ಐದನೆಯ ದಿನ. ನಾನು ರಜೆಗೆಂದು ಊರಲ್ಲಿದ್ದೆ. ಕ್ರಿಸ್ಮಸ್ ದಿನ ಅವ್ವ ಮಾಡಿದ ಕರಿದ ಕಡುಬನ್ನು ಒಂದು ತಾಟಿನಲ್ಲಿಟ್ಟು ಸಾವುಕಾರರ ಮನೆಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದ್ದಳು. ಹಿರಿಯ ತಾಯಿ ತಾಟನ್ನು ತೆಗೆದುಕೊಂಡಳು. ಆಕೆ ಒಳಗೆ ಒಯ್ದು ತಿಂದಳೋ, ದನಕ್ಕೆ ಹಾಕಿದಳೋ ನಾನು ನೋಡಲಿಲ್ಲ; ನೋಡಲು ನಿಲ್ಲಲೂ ಇಲ್ಲ. ತಾಟು ಮಾತ್ರ ಬೆಳಗಿ ಮರುದಿನ ಬಂತು, ಅದರಲ್ಲಿ ನಾಲ್ಕು ಬಾಳೆಯ ಹಣ್ಣು.

ಅಮಾವಾಸ್ಯೆಯ ದಿನ ಹೊಲಕ್ಕೆ ಹೋದೆವು. ಐದು ಕಲ್ಲುಗಳಿಗೆ ಕುಂಕುಮ ಹಚ್ಚುತ್ತಿದ್ದಾಗ ಅಪ್ಪ ಎಂದಿನಂತೆ ಬದುವಿನ ಕಡೆಗೆ ನಡೆದ. ನಾನೂ ಹೋಗಿ ಅವನ ಹತ್ತಿರ ನಿಂತೆ. ಎತ್ತುಗಳ ಮುಂದೆ ಮೇವು ಆಗಲೇ ಇತ್ತು; ಹಾಕುವ ನೆವವೂ ಬೇಕಾಗಿರಲಿಲ್ಲ. ಅವನು ರುಮಾಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಕಣ್ಣುಮುಚ್ಚಿದ. ಇಷ್ಟು ವರುಷ ಅವನು ಅಲ್ಲಿ ಸುಮ್ಮನೆ ಮರೆಗೆ ನಿಲ್ಲುತ್ತಾನೆಂದು ನಾನು ತಿಳಿದಿದ್ದೆ. ಬೆಳೆಗಾಗಿ, ಎತ್ತುಗಳಿಗಾಗಿ, ಸಾವುಕಾರರ ಮನೆಯವರಿಗಾಗಿ ಅವನು ಕರ್ತನಲ್ಲಿ ಬೇಡಿಕೊಳ್ಳುತ್ತಿದ್ದ, ಹೆಸರು ಹಿಡಿದು, ಒಬ್ಬೊಬ್ಬರನ್ನಾಗಿ. ಅತ್ತ ಚರಗ ಚೆಲ್ಲುವವರ ಕೂಗು ಜೋಳದ ನಡುವಿನಿಂದ ಕೇಳುತ್ತಿತ್ತು.

ಆಮೇಲೆ ಕರೆದರು. ಹೋಗಿ ಪಂಕ್ತಿಯಲ್ಲಿ ಕುಳಿತೆವು. ಹಿರಿಯ ತಾಯಿ ನನ್ನ ಮುಂದೆ ಬಂದು ಸ್ವಲ್ಪ ತಡೆದು, "ಈಸಲ ಉಣ್ತೀಯೇನಪಾ, ಇಲ್ಲೋ?" ಎಂದಳು. "ಹಾಕ್ರಿ ಅವ್ವಾರ" ಎಂದೆ. ಆಕೆ ಎರಡು ಹೋಳಿಗೆ ಹಾಕಿ, ತುಪ್ಪ ತರಲು ಹಿಂದಿರುಗಿ ಹೋದಳು.